ಮಾಯಸಂದ್ರದ ಸೀಮೆಯ ಎಣ್ಣೆನೀರು

ಪುಷ್ಯಮಾಸದ ಬೆಳಗಿನ ಜಾವದಲ್ಲಿ ಮಾಯಸಂದ್ರದ ಹಳೆಯ ಮನೆಯೊಂದರ ಬಚ್ಚಲನ್ನು ಹೊಕ್ಕು ನೋಡಿದರೆ, ಗೋಡೆಯ ಗೂಡಿನಲ್ಲಿರಿಸಿದ ಕೊಬ್ಬರಿ ಎಣ್ಣೆಯು ಇರುಳಿನ ಚಳಿಗೆ ಬೆಣ್ಣೆಯಂತೆ ಬೆಳ್ಳಗೆ ಗಟ್ಟಿಯಾಗಿ, ಗಿಂಡಿಯನ್ನು ಬೋರಲು ಹಾಕಿದರೂ ಕೆಳಗಿಳಿಯದೆ ನಿಂತಿರುವುದು ಕಾಣುತ್ತದೆ. ಮನೆಯ ಹಿರಿಯಳು ಅದನ್ನು ಬೆಂಕಿಯ ಮೇಲಿಟ್ಟು ಕಾಯಿಸಲು ಹೋಗುವುದಿಲ್ಲ; ಹಂಡೆಯ ಒಲೆಗೆ ಎರಡು ಒಣಮಟ್ಟೆಯನ್ನು ನೂಕಿ, ಗಿಂಡಿಯನ್ನು ಒಲೆಯಿಂದ ಒಂದು ಗೇಣು ದೂರದಲ್ಲಿ ಕಟ್ಟೆಯ ಮೇಲಿಟ್ಟು, ಎಣ್ಣೆಯು ಅಂಚಿನಿಂದ ಕರಗುತ್ತ ಬಂದು ನಡುವೆ ಬಿಳಿಯ ಗಡ್ಡೆಯೊಂದು ತೇಲತೊಡಗುವವರೆಗೂ ಕಾಯುತ್ತಾಳೆ. 24–25 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ನೀರಾಗುವ ಈ ಎಣ್ಣೆಗೆ ಅದಕ್ಕಿಂತ ಹೆಚ್ಚಿನ ಬೆಂಕಿ ಬೇಡವೆಂಬುದನ್ನು ಅವಳು ಯಾವ ಉಷ್ಣಮಾಪಕದಿಂದಲೂ ಕಲಿತವಳಲ್ಲ. ಬಳಿಕ ಮನೆಯ ಕೂಸಿಗೆ, ಮೊಡವೆಯ ವಯಸ್ಸಿನ ಹುಡುಗಿಗೆ, ಬಾಣಂತಿಗೆ, ಎಂಬತ್ತು ದಾಟಿದ ಅತ್ತೆಗೆ, ಒಬ್ಬೊಬ್ಬರಿಗೂ ಒಂದೊಂದು ಅಳತೆ, ಒಂದೊಂದು ಹದ, ಒಂದೊಂದು ಹಿಟ್ಟು ಎಂದು ಅವಳು ನಡೆಸುವ ವಿನಿಯೋಗದಲ್ಲಿ, ದೇಹವು ವಯಸ್ಸಿನೊಡನೆ ಬದಲಾಗುತ್ತದೆಯೆಂಬ ಮತ್ತು ಅದಕ್ಕೆ ತಕ್ಕಂತೆ ಅದರ ಉಪಚಾರವೂ ಬದಲಾಗಬೇಕೆಂಬ ಒಂದು ಪ್ರಾಚೀನ ವಿವೇಕವು ಅಡಗಿದೆ. ಆ ವಿವೇಕದ ಪೂರ್ವೋತ್ತರವನ್ನು ಕೊಂಚ ವಿಚಾರಿಸಿ ನೋಡಬೇಕೆಂಬುದು ನನ್ನ ಬಹುದಿನದ ಆಸೆ.

ತೆಂಗಿನ ಸೀಮೆಯೆಂದೊಡನೆ ಪರಸ್ಥಳದವರು ಕಡಲ ತಡಿಯನ್ನೂ ಹಸಿಗಾಳಿಯನ್ನೂ ನೆನೆಯುವುದುಂಟು. ತುರುವೇಕೆರೆಯಿಂದ ನಾಗಮಂಗಲದ ಕಡೆಗೆ ಹೋಗುವ ದಾರಿಯಲ್ಲಿರುವ ಮಾಯಸಂದ್ರವಾದರೋ ಸಮುದ್ರಮಟ್ಟಕ್ಕಿಂತ ಸುಮಾರು 800 ಮೀಟರು ಎತ್ತರದ ಬಯಲುಸೀಮೆಯ ಊರು. ಇಲ್ಲಿಯ ತೆಂಗು ಕೆರೆಯ ಹಿಂದಿನ ತೋಟದಲ್ಲಿಯೂ, ಹೊಲದ ಬದುವಿನಲ್ಲಿಯೂ, ಮಳೆಯನ್ನು ಮುಗಿಲಿನ ಮುಖ ನೋಡಿ ಬೇಡಿಕೊಳ್ಳುತ್ತ ಬೆಳೆದ ತೆಂಗು. ಮಾರ್ಗಶಿರದಿಂದ ಮಾಘದವರೆಗೆ ಬೀಸುವ ಮೂಡಣ ಗಾಳಿಯು ಒಣಗಾಳಿ. ಅದು ತುಟಿಯನ್ನು ಒಡೆಯುವುದು, ಹಿಮ್ಮಡಿಯನ್ನು ಸೀಳುವುದು, ಮೊಣಕಾಲಿನ ಕೆಳಗೆ ಬೂದಿ ಬಳಿದಂತೆ ಮಾಡುವುದು. ಶಾಲೆಯ ಮಕ್ಕಳು ಈ ದಿನಗಳಲ್ಲಿ ಜಗಲಿಯ ಮೇಲೆ ಕುಳಿತು ತಮ್ಮ ಒಣಗಿದ ಮೊಣಕಾಲ ಮೇಲೆ ಗರಿಕಡ್ಡಿಯಿಂದ ತಮ್ಮ ಹೆಸರನ್ನು ಬರೆಯುವರು. ಬಿಳಿಯ ಅಕ್ಷರಗಳು ಸ್ಲೇಟಿನ ಮೇಲೆ ಮೂಡಿದಂತೆ ಸ್ಪಷ್ಟವಾಗಿ ಮೂಡುವುವು. ಆ ಅಕ್ಷರವನ್ನು ಕಂಡ ತಾಯಿಗೆ ಈ ಶನಿವಾರ ಮಗುವಿಗೆ ಎಣ್ಣೆನೀರು ಹಾಕಬೇಕೆಂಬುದು ತಿಳಿಯುವುದು. ಸಂಕ್ರಾಂತಿಯ ಎಳ್ಳು, ಕೊಬ್ಬರಿ, ಕಡಲೆಕಾಯಿ ಬೀಜಗಳ ಮಿಶ್ರಣವು ಇದೇ ಒಣಗಾಳಿಯ ನಡುವೆ ಬರುವುದನ್ನೂ, ಅದರಲ್ಲಿ ಬೆಲ್ಲ, ಹುರಿಗಡಲೆಗಳನ್ನುಳಿದು ಮಿಕ್ಕುದೆಲ್ಲವೂ ಎಣ್ಣೆಯ ಕಾಳು ಕಾಯಿಗಳೇ ಆಗಿರುವುದನ್ನೂ ನಮ್ಮ ಹಿರಿಯರು ಮರೆಯದೆ ಹೇಳುತ್ತಿದ್ದರು.

ಆದರೆ ಈ ಸೀಮೆಯ ಎಣ್ಣೆಯ ಚರಿತ್ರೆಯು ತೆಂಗಿನಿಂದ ಆರಂಭವಾಗುವುದಿಲ್ಲ. ಎಣ್ಣೆ ಎಂಬ ಮಾತೇ ಎಳ್ಳಿನ ನೆಯ್ ಎಂಬುದರಿಂದ ಬಂದುದು. ಸಂಸ್ಕೃತದ ತೈಲವೂ ತಿಲದಿಂದ ಹುಟ್ಟಿದುದೇ. ಎಂದರೆ ಅಭ್ಯಂಜನವೆಂಬ ಆಚಾರಕ್ಕೆ ಮೊದಲು ಒದಗಿದುದು ಎಳ್ಳೆಣ್ಣೆ. ಅದರ ಬೆನ್ನಿಗೆ ಬಡವರ ಹೊಲದ ಹುಚ್ಚೆಳ್ಳು, ಬದುವಿನ ಹರಳು, ದಾರಿಯ ಹೊಂಗೆ, ತೋಪಿನ ಹಿಪ್ಪೆ. ನಮ್ಮ ಶಾಸನಗಳಲ್ಲಿ ಗಾಣದೆರೆಯ ಪ್ರಸ್ತಾಪವೂ, ದೇವರ ನಂದಾದೀವಿಗೆಗೆ ಬಿಟ್ಟ ಎಣ್ಣೆಯ ದತ್ತಿಯ ಪ್ರಸ್ತಾಪವೂ ಮೇಲಿಂದ ಮೇಲೆ ಬರುವುದನ್ನು ಬಲ್ಲವರು, 13ನೆಯ ಶತಮಾನದಲ್ಲಿ ಹೊಯ್ಸಳರ ಆಳ್ವಿಕೆಯಲ್ಲಿ ತುರುವೇಕೆರೆಯಲ್ಲಿಯೂ ನೆರೆಯ ನಾಗಲಾಪುರದಲ್ಲಿಯೂ ಗುಡಿಗಳು ಎದ್ದ ಕಾಲಕ್ಕೆ ಗಾಣವು ಕನ್ನಡ ನಾಡಿನ ಊರೂರಿನ ಜೀವನದಲ್ಲಿ ಬೇರುಬಿಟ್ಟಿದ್ದಿತೆಂಬುದನ್ನು ಒಪ್ಪುವರು. ಕ್ರಿ.ಶ. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಗುಡಿಯ ದರ್ಪಣಸುಂದರಿಯನ್ನು ಕಂಡು ಮೆಚ್ಚದವರಿಲ್ಲ. ಕನ್ನಡಿಯ ಮುಂದೆ ನಿಂತ ಆ ತಾರುಣ್ಯವನ್ನು ಕಲ್ಲಿನಲ್ಲಿ ಕಡೆದ ಶಿಲ್ಪಿಯ ಕೈಗೆ ನಮಸ್ಕರಿಸುತ್ತಲೇ, ಮುದುಕಿಯೊಬ್ಬಳ ಒಡೆದ ಹಿಮ್ಮಡಿಗೆ ಸೊಸೆಯೊಬ್ಬಳು ಎಣ್ಣೆ ಸವರುವ ಚಿತ್ರವೂ ಅಷ್ಟೇ ಸುಂದರವಾದುದೆಂದು ನನಗೆ ತೋರುತ್ತದೆ. ಅದಕ್ಕೆ ಕಲ್ಲಿನಲ್ಲಲ್ಲ, ಬಚ್ಚಲಿನ ಹೊಗೆಯಲ್ಲಿ ಮಾತ್ರ ಸ್ಥಳ ದೊರೆಯಿತು.

ಶಾಸ್ತ್ರಕಾರರು ಮಾತ್ರ ವಾರ್ಧಕ್ಯವನ್ನು ಮರೆಯಲಿಲ್ಲ. ಬಾಲ್ಯದಲ್ಲಿ ಕಫ, ನಡುವಯಸ್ಸಿನಲ್ಲಿ ಪಿತ್ತ, ಮುಪ್ಪಿನಲ್ಲಿ ವಾತ ಪ್ರಬಲವಾಗುವುದೆಂದೂ, ವಾತದ ಗುಣವೇ ರೂಕ್ಷತೆಯಾದುದರಿಂದ ಅದಕ್ಕೆ ಸ್ನೇಹವೇ, ಎಂದರೆ ಜಿಡ್ಡೇ, ಮದ್ದೆಂದೂ ಆಯುರ್ವೇದವು ಹೇಳುತ್ತದೆ. ಚರಕಸಂಹಿತೆಯು ಎಣ್ಣೆಯುಂಡ ಮಡಕೆಯನ್ನೂ, ಎಣ್ಣೆ ಹೀರಿದ ತೊಗಲನ್ನೂ, ಎಣ್ಣೆ ಕಂಡ ಬಂಡಿಯ ಅಚ್ಚನ್ನೂ ಹೋಲಿಕೆಯಾಗಿ ತಂದು, ದೇಹವೂ ಹಾಗೆಯೇ ದೃಢವಾಗುವುದೆಂದು ವಿವರಿಸಿ, ನಿತ್ಯವೂ ಅಭ್ಯಂಗ ಮಾಡಿಕೊಳ್ಳುವವನನ್ನು ಜರೆಯು ಅಲ್ಪವಾಗಿ ಮಾತ್ರ ಮುಟ್ಟುವುದೆಂದು ಸಾರುತ್ತದೆ. ವಾಗ್ಭಟನು ಶಿರಸ್ಸು, ಕಿವಿ, ಪಾದ ಈ ಮೂರನ್ನು ವಿಶೇಷವಾಗಿ ಎತ್ತಿ ಹೇಳಿದ್ದಾನೆ. ಮಾಯಸಂದ್ರದ ಅಜ್ಜಿ ವಾಗ್ಭಟನ ಹೆಸರನ್ನು ಕೇಳಿದವಳಲ್ಲವಾದರೂ ನೆತ್ತಿಗೆ ತಟ್ಟಿ, ಕಿವಿಯ ಹಿಂದೆ ಸವರಿ, ಅಂಗಾಲಿಗೆ ತಿಕ್ಕಿದ ಹೊರತು ಅವಳ ಎಣ್ಣೆನೀರು ಮುಗಿಯದು. ಕನ್ನಡದಲ್ಲಿ, 1025ರ ಸುಮಾರಿಗೆ ಚಾಲುಕ್ಯ ಜಯಸಿಂಹನ ಕಾಲದಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ ಲೋಕೋಪಕಾರವು ವೈದ್ಯ, ಪಾಕ, ಜಲಶೋಧನೆಗಳ ಜೊತೆಯಲ್ಲಿ ಸುಗಂಧದ್ರವ್ಯಗಳನ್ನೂ ಗೃಹಸ್ಥನಿಗೆ ಬೇಕಾದ ವಿದ್ಯೆಯಾಗಿಯೇ ಗಣಿಸಿತು. ಅನಂತರದ ಶತಮಾನದಲ್ಲಿ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಸ್ನಾನವನ್ನು ಅರಸನ ಭೋಗಗಳಲ್ಲಿ ಒಂದಾಗಿಸಿ ಬರೆದನು. ಅರಸನಿಗೆ ಭೋಗವಾಗಿದ್ದುದು ಒಕ್ಕಲಿನ ಮನೆಯಲ್ಲಿ ಅವಶ್ಯಕತೆಯಾಗಿದ್ದಿತು. ನನ್ನ ಮನಸ್ಸು ಎರಡನೆಯದರ ಕಡೆಗೇ ವಾಲುತ್ತದೆ.

ಕೂಸಿನ ಎಣ್ಣೆಯಿಂದ ಮೊದಲುಮಾಡೋಣ. ತೆಂಗು ಬೆಳೆಯುವ ಮನೆಯಲ್ಲಿ ಬಸುರಿಯ ದಿನ ತುಂಬುತ್ತ ಬಂದಂತೆ ಹತ್ತಿಪ್ಪತ್ತು ಬಲಿತ ಕಾಯಿಗಳನ್ನು ಒಡೆದು, ತುರಿದು, ರುಬ್ಬಿ, ಹಾಲು ಹಿಂಡಿ, ಆ ಹಾಲನ್ನು ಅಗಲಬಾಯಿಯ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕುದಿಸುವರು. ನೀರಿನಂಶವು ಆರಿ, ತಳದಲ್ಲಿ ಕೆಂಬಣ್ಣದ ಗಸಿ ಕೂಡಿ, ಮೇಲೆ ತಿಳಿಯಾದ ಎಣ್ಣೆ ನಿಲ್ಲುವ ಹೊತ್ತಿಗೆ ಬೀದಿಗೆಲ್ಲ ಪರಿಮಳ ಹರಡಿ, ಗಸಿಗೆ ಬೆಲ್ಲ ಬೆರೆಸಿಕೊಂಡು ತಿನ್ನಲು ಮಕ್ಕಳು ಸುತ್ತ ನೆರೆಯುವರು. ಹೀಗೆ ತೆಗೆದ ಎಣ್ಣೆಯೇ ಎಳೆಯ ಮೈಗೆ ಮೀಸಲು. ಗಾಣದ ಎಣ್ಣೆಯನ್ನು ಮೊದಲ ತಿಂಗಳಲ್ಲಿ ಮುಟ್ಟಿಸುತ್ತಿರಲಿಲ್ಲ. ನೀರೆರೆಯುವ ಮುದುಕಿಯು ಮಣೆಯ ಮೇಲೆ ಕುಳಿತು ಎರಡೂ ಕಾಲುಗಳನ್ನು ನೀಡಿ, ಕೂಸನ್ನು ಅವುಗಳ ನಡುವಿನ ತೊಟ್ಟಿಲಿನಂತಹ ತಗ್ಗಿನಲ್ಲಿ ಮಲಗಿಸಿಕೊಂಡು, ಎಣ್ಣೆಯ ಕೈಯನ್ನು ಎದೆಯಿಂದ ಹೊರಕ್ಕೂ ತೊಡೆಯಿಂದ ಪಾದಕ್ಕೂ ಹರಿಸಿ, ತೋಳುಗಳನ್ನು ಅಡ್ಡಡ್ಡ ಮಡಿಸಿ ಬಿಡಿಸಿ, ಕಡೆಗೆ ಹೆಸರುಹಿಟ್ಟಿನಿಂದ ಜಿಡ್ಡನ್ನು ತೆಗೆದು, ಚೆಂಬಿನ ನೀರನ್ನು ತನ್ನ ಅಂಗೈಯ ಮೇಲೆ ಬೀಳಿಸಿ ಅಲ್ಲಿಂದ ಕೂಸಿನ ಮೈಗೆ ಇಳಿಸುವುದನ್ನು ಕಂಡವರಿಗೆ, ಅದು ಎಷ್ಟು ಸೂಕ್ಷ್ಮವಾದ ಕಲೆಯೆಂಬುದನ್ನು ಹೇಳಬೇಕಾಗಿಲ್ಲ. ನೀರಿನ ಶಾಖವನ್ನು ಅಳೆಯುವುದಕ್ಕೆ ಅವಳಿಗೆ ಆ ಅಂಗೈಯೇ ಸಾಧನ. ಇದೇ ತುಮಕೂರು ಜಿಲ್ಲೆಯ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ದೊರೆತಾಗ, ಹೆರಿಗೆಯ ಕೋಣೆಯಲ್ಲಿ ಹೆಸರಿಲ್ಲದೆ ದುಡಿದ ಇಂತಹ ನೂರಾರು ಕೈಗಳಿಗೆ ಗೌರವ ಸಂದಿತೆಂದು ನಾನು ಸಂತೋಷಪಟ್ಟೆನು.

ಹಾಗೆಂದು ಹಳೆಯದೆಲ್ಲವನ್ನೂ ನಾನು ಸಮರ್ಥಿಸುವವನಲ್ಲ. ಕೂಸಿನ ಮೂಗಿಗೂ ಕಿವಿಗೂ ಎಣ್ಣೆ ಬಿಡುವ ಪದ್ಧತಿಯು ಅಪಾಯಕರ. ಎಣ್ಣೆಯು ಶ್ವಾಸಕೋಶವನ್ನು ಸೇರಿದರೆ ಪ್ರಾಣಕ್ಕೆ ಸಂಚಕಾರವೆಂದು ವೈದ್ಯರು ಹೇಳುವುದನ್ನು ಕೇಳಬೇಕು. ಮುಚ್ಚಿದ ಕೋಣೆಯಲ್ಲಿ ಕೆಂಡದ ಬುಟ್ಟಿಯಿಟ್ಟು ಹೊಗೆ ತುಂಬಿಸುವುದೂ, ಬಾಣಂತಿಗೆ ಕುಡಿಯುವ ನೀರನ್ನು ಅಳೆದು ಕೊಡುವುದೂ ಕ್ರೌರ್ಯವೇ ಸರಿ. ಹಿಟ್ಟು ಹಾಕಿ ತಿಕ್ಕಿದರೆ ಕಪ್ಪು ಕೂಸು ಬೆಳ್ಳಗಾಗುವುದೆಂಬ ಭ್ರಮೆಗಾಗಿ ಎಷ್ಟು ಎಳೆಯ ಚರ್ಮಗಳು ಉರಿದಿವೆಯೋ!

ಹುಡುಗುತನ ಕಳೆದು ಮುಖದಲ್ಲಿ ಮೊಡವೆ ಕಾಣಿಸಿಕೊಂಡೊಡನೆ ಅಜ್ಜಿಯು ಎಣ್ಣೆಯ ಕೈಯನ್ನು ಮುಖದಿಂದ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಳು. ನೆತ್ತಿಗೆ ಎಣ್ಣೆಯುಂಟು, ಕಾಲಿಗೆ ಉಂಟು, ಮುಖಕ್ಕೆ ಮಾತ್ರ ಕಡಲೆಹಿಟ್ಟು. ಆ ವಯಸ್ಸಿನಲ್ಲಿ ಚರ್ಮವು ತಾನೇ ಜಿಡ್ಡನ್ನು ಸುರಿಸುತ್ತಿರುವಾಗ ಮೇಲೊಂದು ಜಿಡ್ಡು ಬೇಡವೆಂಬುದು ಇಂದಿನ ಚರ್ಮವೈದ್ಯರ ಮಾತೂ ಹೌದು. ಹೆಂಗಸರಿಗೆ ಮಂಗಳವಾರ, ಶುಕ್ರವಾರ, ಗಂಡಸರಿಗೆ ಬುಧವಾರ, ಶನಿವಾರ ಎಂಬ ವಾರದ ಕಟ್ಟಳೆಯು ಪ್ರಾಯದವರೆಲ್ಲರಿಗೂ ಅನ್ವಯಿಸುತ್ತಿದ್ದಿತು. ಮದುವೆಯ ಎಣ್ಣೆಶಾಸ್ತ್ರ, ಅರಿಶಿನ, ಉರುಟಣೆಗಳನ್ನು ಎಲ್ಲರೂ ಬಲ್ಲರಾದುದರಿಂದ ಅವುಗಳ ವರ್ಣನೆಗೆ ನಾನು ಕೈಹಾಕುವುದಿಲ್ಲ. ಹೆರಿಗೆಯಾದ ಹೆಣ್ಣಿಗೆ ಬೆನ್ನು ಸೊಂಟಗಳಿಗೆ ದಪ್ಪನೆಯ ಹರಳೆಣ್ಣೆ, ಅದರ ಮೇಲೆ ಕೈ ತಡೆಯಲಾರದಷ್ಟು ಬಿಸಿನೀರು, ತಲೆಗೆ ಸೀಗೇಕಾಯಿ, ಒಳಕ್ಕೆ ಕೊಬ್ಬರಿ ಬೆರೆತ ಅಂಟಿನುಂಡೆ. ಹೊರಗೂ ಒಳಗೂ ಜಿಡ್ಡನ್ನು ಪೂರೈಸುವುದೇ ಆ ಉಪಚಾರದ ಸಾರ. ಇವಳಿಗೆ ನೀರೆರೆಯಲು ಬರುತ್ತಿದ್ದವಳು ಬಹುಮಟ್ಟಿಗೆ ಬಡ ಮನೆಯ ಹೆಂಗಸು; ಅಕ್ಕಿ, ರಾಗಿ, ಎಲೆಅಡಿಕೆ, ಒಂದು ಸೀರೆ ಅವಳ ಸಂಭಾವನೆ. ಅವಳ ಸ್ವಂತ ಬಾಣಂತನದಲ್ಲಿ ಅಷ್ಟೇ ಎಣ್ಣೆ ಅವಳ ಮೈಗೆ ಬಿದ್ದಿತ್ತೆಂದು ನಂಬುವುದು ಕಷ್ಟ.

ಎಣ್ಣೆಯಲ್ಲಿಯೂ ಉಳ್ಳವರ ಎಣ್ಣೆ ಇಲ್ಲದವರ ಎಣ್ಣೆ ಎಂಬ ಭೇದವಿದ್ದಿತು. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಕಂಪನಿಯ ಅಪ್ಪಣೆಯ ಮೇರೆಗೆ ಮೈಸೂರು ಸೀಮೆಯನ್ನು ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ನನು, 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ ಜ್ಯೋತಿಪಣವೆಂಬ ಗಾಣಿಗರ ಪಂಗಡವನ್ನೂ, ಎತ್ತು ತಿರುಗಿಸುವ ಗಾಣವನ್ನೂ ವಿವರಿಸಿ, ಹರಳೆಣ್ಣೆಯನ್ನು ಮಾತ್ರ ಹೆಂಗಸರು ಮನೆಯಲ್ಲಿಯೇ ಬೀಜ ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ ತೆಗೆಯುವರೆಂದು ಬರೆದಿದ್ದಾನೆ. ಗಾಣಕ್ಕೆ ಕೂಲಿ ಕೊಡಬೇಕು; ಕುದಿಸುವುದಕ್ಕೆ ಒಲೆಯೊಂದಿದ್ದರೆ ಸಾಕು. ಬದುವಿನ ಹರಳುಗಿಡವು ಹೀಗೆ ಬಡವರ ದೀಪಕ್ಕೂ ಬಡವರ ಮೈಗೂ ಏಕಕಾಲದಲ್ಲಿ ಒದಗಿತು. ಯುಗಾದಿಯ ಬೆಳಗ್ಗೆ ಮನೆಮಂದಿಯೆಲ್ಲ ಹರಳೆಣ್ಣೆಯಲ್ಲಿ ಮಿಂದು ಹೊಳೆಯುತ್ತ ಬಿಸಿಲಿಗೆ ನಿಲ್ಲುತ್ತಿದ್ದ ಪದ್ಧತಿಯು ಈ ಸೀಮೆಯ ಹಳ್ಳಿಗಳಲ್ಲಿ ಈಚಿನವರೆಗೂ ಉಳಿದುಬಂದಿತು.

ಕೊಬ್ಬರಿಯ ಕಥೆ ಬೇರೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕೊಬ್ಬರಿಯು ಉಂಡೆ ಕೊಬ್ಬರಿ. ಬಲಿತ ಕಾಯಿಯನ್ನು ಸುಲಿಯದೆ ಅಟ್ಟಕ್ಕೆ ಏರಿಸಿ, ಎಂಟು ಹತ್ತು ತಿಂಗಳು ಅಲ್ಲಿಯೇ ಬಿಟ್ಟರೆ, ಒಳಗಿನ ನೀರು ತಾನೇ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಕಾಯಿಯನ್ನು ಕಿವಿಯ ಬಳಿ ಅಲುಗಿಸಿದಾಗ ಒಳಗಿನ ಉಂಡೆಯಾದ ಗಿಟುಕು ಲೊಟಲೊಟನೆ ಸದ್ದು ಮಾಡುವುದು. 1889ರ ಹೊತ್ತಿಗೆ ಬೆಂಗಳೂರಿನಿಂದ ತಿಪಟೂರು, ಅರಸೀಕೆರೆಗಳ ಮೂಲಕ ಹರಿಹರದವರೆಗೆ ರೈಲು ಓಡತೊಡಗಿದ ಮೇಲೆ ತಿಪಟೂರು ಈ ವ್ಯಾಪಾರದ ದೊಡ್ಡ ಪೇಟೆಯಾಗಿ ಬೆಳೆದು, ಒಳ್ಳೆಯ ಗಿಟುಕೆಲ್ಲವೂ ತಿನ್ನುವುದಕ್ಕಾಗಿ ಉತ್ತರದೇಶದ ಮದುವೆಗಳಿಗೂ ಹಬ್ಬಗಳಿಗೂ ಹೋಗತೊಡಗಿತು. ಬೂಷ್ಟು ಹಿಡಿದುದು, ಒಡಕು, ಕೌಟು ಹತ್ತಿದುದು ಊರಿನಲ್ಲಿ ಉಳಿದು ಗಾಣವನ್ನು ಸೇರಿತು. ತೆಂಗಿನ ಸೀಮೆಯ ಜನ ತಮ್ಮ ಮೈಗೆ ಹಚ್ಚಿಕೊಂಡುದು ಬಹುಪಾಲು ಹೀಗೆ ಪೇಟೆಯು ಒಲ್ಲದೆ ಬಿಟ್ಟ ಕೊಬ್ಬರಿಯ ಎಣ್ಣೆಯನ್ನು. ಅಟ್ಟದ ಕೆಳಗೆ ಚಿಪ್ಪು ಒಡೆದು ಗಿಟುಕನ್ನು ಬಿಡಿಸುವ ಕೂಲಿ ಹೆಂಗಸರ ಅಂಗೈಯನ್ನು ನಾನು ಹತ್ತಿರದಿಂದ ನೋಡಿದ್ದೇನೆ: ಬೆರಳ ತುದಿ ಚಿಪ್ಪಿನ ಚೂರಿಗೆ ಗೀರಿ ಗೀರಿ ಒರಟಾಗಿದ್ದರೂ, ಅಂಗೈಯ ನಡುಭಾಗವು ದಿನವಿಡೀ ಕೊಬ್ಬರಿಯ ಜಿಡ್ಡನ್ನುಂಡು ಮೃದುವಾಗಿ ಹೊಳೆಯುತ್ತಿತ್ತು. ಒಂದೇ ಕೈಯಲ್ಲಿ ದುಡಿಮೆಯ ಗಾಯವೂ ಅದರ ಮದ್ದೂ ಕೂಡಿದ್ದುವು.

ಎಣ್ಣೆನೀರಿನ ಈ ವ್ಯವಸ್ಥೆಗೆ ಮೊದಲ ಬದಲಾವಣೆ ಬಂದುದು ಸಾಬೂನಿನಿಂದ. ಮೊದಲ ಮಹಾಯುದ್ಧದಿಂದಾಗಿ ಮೈಸೂರಿನ ಗಂಧದ ಮರವು ಯೂರೋಪಿಗೆ ಹೋಗುವುದು ನಿಂತಾಗ ಗಂಧದೆಣ್ಣೆಯನ್ನು ಇಲ್ಲಿಯೇ ಇಳಿಸತೊಡಗಿದರು. ನಾಲ್ವಡಿ ಕೃಷ್ಣರಾಜ ಒಡೆಯರು ಆಳುತ್ತ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆಯು ಸ್ಥಾಪಿತವಾಯಿತು; ಇಂಗ್ಲೆಂಡಿನಲ್ಲಿ ಆ ವಿದ್ಯೆಯನ್ನು ಕಲಿತುಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳ ಪರಿಶ್ರಮದಿಂದ ಮೈಸೂರು ಸ್ಯಾಂಡಲ್ ಸೋಪು ರೂಪುಗೊಂಡಿತು. ಕನ್ನಡಿಗರು ಹೆಮ್ಮೆಪಡಬೇಕಾದ ಉದ್ಯಮವದು. ಸಾಬೂನಿನ ನೊರೆಗೆ ತೆಂಗಿನೆಣ್ಣೆಯೇ ಹೆಸರುವಾಸಿಯೆಂಬುದನ್ನೂ ಇಲ್ಲಿ ನೆನೆಯಬೇಕು: ಅದರಲ್ಲಿ ಸುಮಾರು ಅರ್ಧದಷ್ಟಿರುವ ಲಾರಿಕ್ ಆಮ್ಲವು ಕ್ಷಾರದೊಡನೆ ಕೂಡಿದಾಗಲೇ ಹುಲುಸಾದ ನೊರೆ ಏಳುವುದು. ಜಿಡ್ಡನ್ನು ಹಚ್ಚಲು ಬೇಕಾಗಿದ್ದ ಎಣ್ಣೆಯು ಹೀಗೆ ಜಿಡ್ಡನ್ನು ತೆಗೆಯುವ ವಸ್ತುವಾಗಿಯೂ ಮನೆಯನ್ನು ಹೊಕ್ಕಿತು. ಸೀಗೇಕಾಯಿ, ಅಂಟುವಾಳ, ಕಡಲೆಹಿಟ್ಟುಗಳು ಎಣ್ಣೆಯ ಮೇಲ್ಪದರವನ್ನು ತೆಗೆದು ಒಂದಿಷ್ಟನ್ನು ಚರ್ಮದಲ್ಲಿ ಉಳಿಸುತ್ತಿದ್ದುವು. ಎಣ್ಣೆಯನ್ನೇ ಹಚ್ಚದ ಮೈಗೆ ನಿತ್ಯವೂ ಸಾಬೂನು ತಿಕ್ಕಿದರೆ ಉಳಿಯುವುದೇನು? ಇಪ್ಪತ್ತರ ಚರ್ಮ ತಡೆದೀತು. ಎಪ್ಪತ್ತರ ಚರ್ಮ ತಡೆಯದು. ಅನಂತರ ಸ್ನೋ, ಪೌಡರುಗಳು ಸಂತೆಗೆ ಬಂದುವು. 1980ರ ದಶಕದಿಂದೀಚೆಗೆ ಶಾಂಪೂವಿನ ಸಣ್ಣ ಸ್ಯಾಷೆಗಳು ಪೆಟ್ಟಿಗೆ ಅಂಗಡಿಯ ಬಾಗಿಲಿನಲ್ಲಿ ತೋರಣದಂತೆ ತೂಗಾಡಿದುವು. ತೆಂಗಿನ ಮರಗಳ ನಡುವಿನ ಮನೆಗೆ ತೆಂಗಿನೆಣ್ಣೆಯು ನೀಲಿ ಡಬ್ಬಿಯಲ್ಲಿ ಬಂದಿತು. ಈಗ ಮುಪ್ಪನ್ನು ತಡೆಯುವ ಕ್ರೀಮುಗಳು ಮೂವತ್ತು ವರ್ಷದವರಿಗೇ ಮಾರಾಟವಾಗುತ್ತಿವೆ. ನಿಜವಾಗಿ ಮುಪ್ಪು ಬಂದವರ ಮೊಣಕಾಲಿನ ಮಾತನ್ನು ಯಾವ ಜಾಹೀರಾತೂ ಆಡುವುದಿಲ್ಲ.

ಮುಪ್ಪಿನ ಚರ್ಮದ ಸ್ಥಿತಿಯನ್ನು ಕುರಿತು ಹಳೆಯ ಶಾಸ್ತ್ರವೂ ಹೊಸ ವೈದ್ಯವೂ ಒಂದೇ ಮಾತನ್ನು ಹೇಳುತ್ತವೆ. ವಯಸ್ಸಾದಂತೆ ಚರ್ಮದ ಜಿಡ್ಡಿನ ಗ್ರಂಥಿಗಳು ಸೊರಗುವುವು, ಮೇಲ್ಪದರವು ತೆಳುವಾಗಿ ನೀರನ್ನು ಹಿಡಿದಿಟ್ಟುಕೊಳ್ಳಲಾರದಾಗುವುದು. ಚಳಿಗಾಲದಲ್ಲಿ ಕಾಲು, ಬೆನ್ನುಗಳು ರಾತ್ರಿಯೆಲ್ಲ ತುರಿಸಿ ನಿದ್ರೆ ಕೆಡುವುದು. ಆದುದರಿಂದಲೇ ಹಿಂದಿನ ಮನೆಗಳಲ್ಲಿ ವೃದ್ಧರಿಗೆ ಎಣ್ಣೆನೀರಿನ ಕ್ರಮವೇ ಬೇರೆಯಾಗಿದ್ದಿತು: ಬಾಣಂತಿಯ ಸುಡುನೀರಲ್ಲ, ಉಗುರುಬೆಚ್ಚನೆಯ ನೀರು, ಗಟ್ಟಿಯಾಗಿ ತಿಕ್ಕುವುದಲ್ಲ, ಅಂಗೈಯಿಂದ ಸವರುವುದು, ಸೀಗೇಕಾಯಿಯ ಬದಲು ಹೆಸರುಹಿಟ್ಟು, ಸ್ನಾನವಾದ ಮೇಲೆ, ಮೈ ಇನ್ನೂ ಪೂರ್ತಿ ಆರುವ ಮುನ್ನ, ಕೈಕಾಲಿಗೆ ಮತ್ತೊಂದಿಷ್ಟು ಎಣ್ಣೆ, ಮಲಗುವಾಗ ಅಂಗಾಲಿಗೆ ಹರಳೆಣ್ಣೆ. ಒದ್ದೆ ಆರುವ ಮೊದಲು ಜಿಡ್ಡು ಸವರಿದರೆ ನೀರು ಒಳಗೇ ನಿಲ್ಲುವುದೆಂದು ಇಂದು ಆಸ್ಪತ್ರೆಯಲ್ಲಿ ಹೇಳಿ ಕಳುಹಿಸುವುದೂ ಇದನ್ನೇ. ಎಣ್ಣೆ ಚೆಲ್ಲಿದ ನುಣುಪು ನೆಲದ ಮೇಲೆ ಹಿರಿಯರು ಜಾರಿ ಬಿದ್ದರೆ ಸೊಂಟದ ಮೂಳೆ ಮುರಿಯುವುದೆಂಬ ಭಯವು ಹಿಂದಿನ ಒರಟು ಕಲ್ಲುಹಾಸಿನ ಬಚ್ಚಲಿಗಿಂತ ಇಂದಿನ ಟೈಲ್ಸ್ ನೆಲದಲ್ಲಿ ಹೆಚ್ಚು; ಮಣೆಯ ಮೇಲೆ ಕೂರಿಸಿಯೇ ಎಣ್ಣೆ ಹಚ್ಚಬೇಕು, ನೆಲವನ್ನು ತೊಳೆದೇ ಎಬ್ಬಿಸಬೇಕು.

ಕಳೆದ ಧನುರ್ಮಾಸದಲ್ಲಿ ಮಾಯಸಂದ್ರದ ಬಳಿಯ ಒಂದು ಹಳ್ಳಿಯಲ್ಲಿ ಬಂಧುಗಳ ಮನೆಯಲ್ಲಿ ಉಳಿದಿದ್ದೆನು. ಮನೆಯ ಮಕ್ಕಳೆಲ್ಲ ಬೆಂಗಳೂರು ಸೇರಿ, ತೋಟವನ್ನು ಗುತ್ತಿಗೆಗೆ ಬಿಟ್ಟು, ಎಂಬತ್ತೆರಡರ ಅಜ್ಜಿಯೊಬ್ಬಳೇ ಇದ್ದಳು. ಊರಿನ ಎಷ್ಟೋ ಕೂಸುಗಳಿಗೆ ನೀರೆರೆದ ಕೈ ಅವಳದು. ಆ ಕೂಸುಗಳಲ್ಲಿ ಕೆಲವರಿಗೆ ಈಗ ಮೊಮ್ಮಕ್ಕಳಾಗಿದ್ದಾರೆ. ಬಿಸಿಲಿಗೆ ಕುಳಿತು ಮುಂಗೈಗೂ ಮೊಣಕಾಲಿಗೂ ಎಣ್ಣೆ ಸವರಿಕೊಳ್ಳುತ್ತಿದ್ದವಳು, ನಡುನಡುವೆ ಬೆನ್ನನ್ನು ಕಂಬಕ್ಕೆ ಒತ್ತಿ ಒತ್ತಿ ಉಜ್ಜಿಕೊಳ್ಳುತ್ತಿದ್ದಳು. ಏನಾಯಿತಜ್ಜಿ ಎಂದು ಕೇಳಿದೆನು. “ಬೆನ್ನಿಗೆ ಕೈ ಎಟುಕಲ್ಲ ಕಣಪ್ಪ,” ಎಂದಳು. ಅಷ್ಟು ಹೇಳಿ ಗಿಂಡಿಯ ಬಾಯಿಗೆ ಬಟ್ಟೆ ಸುತ್ತಿ ಮುಚ್ಚಿಟ್ಟಳು. ಮೇಲೆ ಅಟ್ಟದ ತುಂಬ ಕಾಯಿಯಿದ್ದಿತು. ಗೂಡಿನ ತುಂಬ ಎಣ್ಣೆಯಿದ್ದಿತು. ನಾನು ಗಿಂಡಿಯನ್ನು ತೆಗೆದುಕೊಂಡು ಅವಳ ಹಿಂದೆ ಕುಳಿತೆನು. ಬೆನ್ನೆಲುಬಿನ ಎರಡೂ ಕಡೆ ಚರ್ಮವು ಒಣಗಿದ ಬಾಳೆಲೆಯ ಹಾಗೆ ಗೆರೆಗೆರೆಯಾಗಿದ್ದು, ಎಣ್ಣೆ ಬಿದ್ದೊಡನೆ ಅದನ್ನು ಹೀರಿಕೊಂಡು ಮತ್ತೆ ಒಣಗುತ್ತಿದ್ದಿತು. ಮೂರು ಸಲ ಹಚ್ಚಿದ ಮೇಲೆ ಜಿಡ್ಡು ನಿಂತಿತು.

ಬರುವ ನರಕಚತುರ್ದಶಿಯ ಹಿಂದಿನ ಸಂಜೆ, ನೀರು ತುಂಬುವ ಹಬ್ಬದಂದು, ಹಂಡೆಯನ್ನು ತೊಳೆದು ನೀರು ತುಂಬಿಸುವ ಅಥವಾ ಗೀಜರಿನ ಗುಂಡಿಯೊತ್ತುವ ನನ್ನ ಓದುಗರಲ್ಲಿ ಒಂದು ಬೇಡಿಕೆಯಿದೆ. ಮರುದಿನ ಬೆಳಗ್ಗೆ ನಿಮ್ಮ ತಲೆಗೆ ಎಣ್ಣೆಯಿಟ್ಟುಕೊಳ್ಳುವ ಮೊದಲು ಮನೆಯ ಅತ್ಯಂತ ಹಿರಿಯರನ್ನು ಮಣೆಯ ಮೇಲೆ ಕೂರಿಸಿ, ಎಣ್ಣೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು, ಅವರ ಕೈ ಎಟುಕದ ಬೆನ್ನಿಗೆ ಸವರಿ.